ಕಾಯಿ ಕೋಣೆಯ ತಳಾರಿ

ಬಿತ್ತನೆ ಕಡಲೆಕಾಯಿ ಇಟ್ಟ ಮನೆಗೆ ಇಲಿ ಬರದೆ ಇರುತ್ತದೆಯೇ? ತೆಲುಗು ಸೀಮೆಯ ಗಡಿಯ ಕುಂದುರ್ಪಿ ಸುತ್ತಮುತ್ತ ಯಾವ ಹಳ್ಳಿಗಾದರೂ ಹೋಗಿ ಕೇಳಿ, ಎಲ್ಲರ ಮನೆಯದೂ ಇದೇ ಗೋಳು. ಹೊಲದಿಂದ ತಂದು, ಅಂಗಳದಲ್ಲಿ ಒಣಗಿಸಿ, ಮುಂದಿನ ಮುಂಗಾರಿಗೆ ಬೇಕೆಂದು ಜೋಪಾನ ಮಾಡಿದ ಕಾಯನ್ನು ಇಲಿರಾಯರು ಕೂತು ತಿಂದು, ಸಿಪ್ಪೆ ಮಾತ್ರ ನಮಗೆ ಬಿಟ್ಟು ಹೋಗುತ್ತಾರೆ.

ಓಬಳಪ್ಪನ ಮನೆಯಲ್ಲೂ ಹಾಗೇ ಆಗುತ್ತಿತ್ತು. ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಬಸ್ಸು ಹೊಸದಾಗಿ ಬರತೊಡಗಿದ್ದ ಕಾಲ ಅದು. ಓಬಳಪ್ಪ ಬೆಕ್ಕು ಸಾಕಿದ. ಅದು ಹಾಲು ಕುಡಿದು ಒಲೆ ಪಕ್ಕ ನಿದ್ದೆ ಹೊಡೆಯಿತು. ಬೋನು ಇಟ್ಟ, ಅದಕ್ಕೆ ಸಿಕ್ಕಿದ್ದು ಹೆಂಡತಿ ಗೌರಕ್ಕನ ಕಾಲ್ಬೆರಳು. ಕೊನೆಗೆ ಒಂದು ವರ್ಷ ಕಾಯಿ ಕೀಳುವಾಗ ಬಳ್ಳಿಯ ಬುಡದಲ್ಲಿ ಮಣ್ಣುಮುಕ್ಕ ಹಾವೊಂದು ಸಿಕ್ಕಿತು. ಮೊಂಡು ಬಾಲ, ದಪ್ಪ ಮೈ, ಬೆನ್ನ ತುಂಬ ಕಂದು ಮಚ್ಚೆ. ವಿಷವಿಲ್ಲದ ಹಾವು, ಇಲಿಯೆಂದರೆ ಪ್ರಾಣ. ಓಬಳಪ್ಪ ಅದನ್ನು ಟವಲಿನಲ್ಲಿ ಸುತ್ತಿ ತಂದು ಕಾಯಿ ರಾಶಿಯ ಮೇಲೆ ಬಿಟ್ಟ.

ಸ್ವಲ್ಪ ದಿನದಲ್ಲೇ ಇಲಿಗಳ ಸದ್ದಡಗಿತು. ಓಬಳಪ್ಪನ ಹಿಗ್ಗು ಹೇಳತೀರದು. ಊರು ಕಾಯುವುದಕ್ಕೊಬ್ಬ ತಳಾರಿ ಇರುವಂತೆ ತನ್ನ ರಾಶಿಗೂ ಒಬ್ಬ ತಳಾರಿ ಬಂದನೆಂದು ಹಾವಿಗೆ ಅದೇ ಹೆಸರಿಟ್ಟ. ನೆಂಟರು ಬಂದರೆ ಮೊದಲು ಕಾಫಿಯಲ್ಲ, ತಳಾರಿಯ ದರ್ಶನ. ಕೈಗೆ ಸುತ್ತಿಕೊಂಡು ಜಗಲಿಗೆ ಬಂದು ನಿಂತನೆಂದರೆ ಎದುರುಮನೆಯ ಬೋರಪ್ಪ, ಕುರಿ ಕಾಯುವವನು, ದೂರದಿಂದಲೇ ತೆಲುಗಿನಲ್ಲಿ ಕೂಗುತ್ತಿದ್ದ: "ಏಮಪ್ಪಾ ಓಬಳಪ್ಪಾ, ಮೀ ತಳಾರಿಕಿ ಜೀತಂ ಎಂತ?" ಸಂಬಳ ಎಷ್ಟು ಕೊಡುತ್ತೀಯ ಎಂಬ ಕೀಟಲೆ.

"ದಿನಕ್ಕೊಂದು ಇಲಿ ಕಣ್ಲಾ!" ಎಂದು ಓಬಳಪ್ಪ ಮೀಸೆ ತಿರುವುತ್ತಿದ್ದ.

ಈಗ ಆ ಕಾಯಿ ಕೋಣೆಯ ವಿಷಯ ಒಂದಿಷ್ಟು ಹೇಳಬೇಕು. ಬಿತ್ತನೆ ಕಾಯಿಗೆ ಬೆಳಕು ತಗುಲಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ ಎಂದು ಓಬಳಪ್ಪನ ಅಪ್ಪನ ಕಾಲದಿಂದ ನಂಬಿಕೆ. ಅದಕ್ಕೇ ಮಾಳಿಗೆಯ ಗವಾಕ್ಷಿಗೆ ಚಪ್ಪಡಿ ಮುಚ್ಚಿದ್ದರು. ಒಣ ಬಳ್ಳಿ, ಹೊಟ್ಟು ಇರುವ ಕಡೆ ದೀಪ ಒಯ್ಯುವ ಹಾಗೂ ಇರಲಿಲ್ಲ. ಹಗಲಿನಲ್ಲೂ ಒಳಗೆ ಕಗ್ಗತ್ತಲೆ. ಆದ್ದರಿಂದ ಆ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಕಾಯಿ ತರಲು ಹೋದವರು ಮೊದಲು ರಾಶಿಯ ಮೇಲೆ ಕೈಯಾಡಿಸಿ ತಳಾರಿ ಎಲ್ಲಿದ್ದಾನೆಂದು ಹುಡುಕಬೇಕು. ಸಿಕ್ಕಿದರೆ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಆಮೇಲೆ ಮೊರ ತುಂಬಬೇಕು.

ಸೊಸೆ ಶಿವಲಕ್ಷ್ಮಿಗೂ ಓಬಳಪ್ಪನೇ ಇದನ್ನು ಕಲಿಸಿದ್ದ. "ಒರಟಾಗಿ, ದಪ್ಪಗೆ ಏನಾದ್ರೂ ಸಿಕ್ತು ಅಂದ್ರೆ ಅವ್ನೇ ಕಣಮ್ಮ. ಹೆದರ್ಕೋಬೇಡ." ರೊದ್ದಂ ಕಡೆಯ ಹುಡುಗಿ ಅವಳು. ಮೊದಮೊದಲು ಕಣ್ಣು ಮುಚ್ಚಿಕೊಂಡು ಕೈ ಹಾಕುತ್ತಿದ್ದಳಂತೆ, ಆ ಕತ್ತಲಲ್ಲಿ ತೆರೆದಿದ್ದರೂ ಅಷ್ಟೇ ಬಿಡಿ! ಬರುಬರುತ್ತಾ ಹೆದರಿಕೆ ಹೋಯಿತು. ಈಗ ಅವಳು ತುಂಬಿದ ಬಸುರಿ. ಬಿತ್ತನೆಗೆ ಕಾಯಿ ಸುಲಿಯುವ ಕೆಲಸ ಶುರುವಾಗಿದ್ದರಿಂದ ದಿನಕ್ಕೆರಡು ಸಲವಾದರೂ ಆ ಕೋಣೆಗೆ ಹೋಗಿ ಮೊರ ತುಂಬಿ ತರುತ್ತಿದ್ದಳು.

ಅವಳನ್ನು ನೋಡಿಕೊಂಡು ಹೋಗಲೆಂದೇ ಓಬಳಪ್ಪನ ತಂಗಿ ಕೊಂಡಮ್ಮ ಹಿಂದೂಪುರದಿಂದ ಬಂದಳು. ಕೊಂಡಮ್ಮ ಅಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಬಿಳಿ ಸೀರೆ, ಕೈಯಲ್ಲಿ ಗಡಿಯಾರ, ಬಾಯಲ್ಲಿ ಸಣ್ಣದೊಂದು ಗದರಿಕೆ ಯಾವಾಗಲೂ ಇರುತ್ತಿದ್ದವು. ತಂಗಿಯೆಂದರೆ ಓಬಳಪ್ಪನಿಗೆ ಎಷ್ಟು ಪ್ರೀತಿಯೋ ಅಷ್ಟೇ ಅಳುಕು. ಅವಳು ಬರುವ ದಿನ ಎಡಗೈ ತೋರುಬೆರಳಿಗೆ ಕಟ್ಟಿದ್ದ ಬಟ್ಟೆಯನ್ನು ಟವಲಿನಡಿ ಬಚ್ಚಿಟ್ಟುಕೊಂಡೇ ಮಾತಾಡಿಸಿದ.

"ಕೈ ತೆಗಿ ಅಣ್ಣ. ಏನಾಗೈತೆ ಬೆರಳಿಗೆ?"

"ಏನಿಲ್ಲ ಕಣಮ್ಮ. ಜಾಲಿ ಮುಳ್ಳು."

ಕೊಂಡಮ್ಮ ಬಟ್ಟೆ ಬಿಚ್ಚಿದಳು. ಅರಿಶಿನ ಮೆತ್ತಿದ ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಪಕ್ಕದಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು.

"ಜಾಲಿ ಮುಳ್ಳು ಇಂಗೆ ಸಾಲಾಗಿ ಚುಚ್ತದಾ? ಹಲ್ಲಿನ ಗುರುತಿದು. ನಿನ್ ತಳಾರಿ ಕಚ್ಚವ್ನೆ ತಾನೆ?"

ಒಳಗಿನಿಂದ ಗೌರಕ್ಕ ತಲೆ ಹಾಕಿದಳು. "ಕಚ್ತಾ? ನನ್ತಾವ ಮುಳ್ಳು ಅಂದ್ರಲ್ಲಮ್ಮ ನಿಮ್ಮಣ್ಣ!"

ಓಬಳಪ್ಪ ಸಿಕ್ಕಿಬಿದ್ದ. ಆಗಿದ್ದಿಷ್ಟೇ. ಬೋನಿಗೆ ಬಿದ್ದ ಇಲಿಯೊಂದನ್ನು ಕೈಯಾರೆ ತಿನ್ನಿಸೋಣವೆಂದು ಮುದ್ದಿನಿಂದ ಹಿಡಿದಿದ್ದ. ತಳಾರಿ ಇಲಿಯನ್ನು ಬಿಟ್ಟು ಬೆರಳನ್ನು ಕಚ್ಚಿದ.

"ಕೈಗೆಲ್ಲ ಇಲಿ ವಾಸ್ನೆ ಇತ್ತಲ್ಲಣ್ಣ. ಅದಕ್ಕೆ ನಿನ್ ಬೆರಳೂ ಇನ್ನೊಂದು ಇಲಿ. ಹಾವಿಗೆ ನಿನ್ ಪ್ರೀತಿ ಗೊತ್ತಾಗ್ತದಾ? ಹಸಿವು ಗೊತ್ತಾಗ್ತದೆ, ಹೆದರಿಕೆ ಗೊತ್ತಾಗ್ತದೆ, ಅಷ್ಟೇ."

"ವಿಷ ಇಲ್ವಲ್ಲ ಬಿಡು."

"ವಿಷ ಇಲ್ದಿದ್ರೂ ಅದರ ಬಾಯಾಗೆ ಕೊಳೆ ಇಲ್ವಾ? ಆವತ್ತೇ ಸೋಪ್ ಹಾಕಿ ಚೆನ್ನಾಗಿ ತೊಳೆದು, ಕಲ್ಯಾಣದುರ್ಗಕ್ಕೆ ಹೋಗಿ ಧನುರ್ವಾಯು ಬರದಂಗೆ ಸೂಜಿ ಹಾಕಿಸ್ಕೊಂಡಿದ್ರೆ ಬೆರಳು ಇಂಗಾಗ್ತಿರ್ಲಿಲ್ಲ." ಹೀಗೆ ಗೊಣಗುತ್ತಲೇ ಬಿಸಿನೀರು ಕಾಯಿಸಿ, ಬೆರಳು ತೊಳೆದು, ಮಡಿ ಬಟ್ಟೆ ಕಟ್ಟಿದಳು. "ನಾಳಿದ್ದು ನಂಜೊತೆ ಬಸ್ ಹತ್ತು, ಡಾಕ್ಟ್ರಿಗೆ ತೋರಿಸು."

ಇದೇ ಸಮಯವೆಂದು ಗೌರಕ್ಕ ತನ್ನ ಅಹವಾಲು ಮುಂದಿಟ್ಟಳು. "ಅದು ಮೈ ನೆಕ್ಕಿದ್ರೆ ತೊನ್ನು ಬತ್ತದಂತಲ್ಲಮ್ಮ? ಊರೆಲ್ಲ ಅಂತಾರೆ."

"ಇಲ್ಲ ಅತ್ತಿಗೆ. ತೊನ್ನಿಗೂ ಹಾವಿಗೂ ಯಾವ ಸಂಬಂಧಾನೂ ಇಲ್ಲ. ಅದೆಲ್ಲ ಸುಳ್ಳು."

ಓಬಳಪ್ಪನಿಗೆ ಜೀವ ಬಂತು. "ನೋಡ್ದಾ! ಆಸ್ಪತ್ರೆಯವಳೇ ಹೇಳವ್ಳೆ. ಪಾಪದ ಪ್ರಾಣಿ ಅದು!"

"ಪಾಪದ್ದೇ ಅಣ್ಣ. ಅದರ ತಪ್ಪು ನಾನೂ ಹೇಳ್ತಿಲ್ಲ. ಆದ್ರೆ ನನಗೆ ಹೆದರಿಕೆ ಇರೋದು ಹಾವಿನ ಮ್ಯಾಲಲ್ಲ, ನಿಮ್ ಕೈ ಮ್ಯಾಲೆ. ಎರಡು ವರ್ಷದಿಂದ ಕತ್ತಲಾಗೆ ಹಾವು ಮುಟ್ಟಿ ಮುಟ್ಟಿ ಈ ಮನೆಯೋರ ಕೈಗೆ ಭಯವೇ ಇಲ್ಲದಂಗಾಗೈತೆ. ನಾಳೆ ಅಲ್ಲಿ ಬೇರೆ ಹಾವು ಕೂತಿದ್ರೆ?"

"ನಮ್ ತಳಾರಿ ಇರೋ ಕಡೆ ಇನ್ನೊಂದು ಬತ್ತದಾ?"

"ಯಾಕ್ ಬರಲ್ಲ? ಇಲಿ ಹುಡುಕ್ಕೊಂಡು ಅದೊಂದೇ ಬರ್ಬೇಕಾ? ಗೋಡೆ ಪಕ್ಕ ಬಳ್ಳಿ ಬಣವೆ ಹಾಕಿದೀಯ, ಗೋಡೆ ಬುಡದಾಗೆ ಇಲಿ ಬಿಲ ಐತೆ. ಕೊಳಕುಮಂಡಲದಂಥ ವಿಷದ ಹಾವಿಗೂ ಅದೇ ದಾರಿ. ಅದರ ಮೈಯೂ ಒರಟು, ದಪ್ಪ. ಬೆನ್ನ ಮ್ಯಾಲೆ ಅದಕ್ಕೂ ಮಚ್ಚೆ. ಕತ್ತಲಾಗೆ ಮುಟ್ಟಿ ಹೆಂಗೆ ಹೇಳ್ತೀಯ?"

"ನಂಗೆ ಗೊತ್ತಾಗ್ತದೆ ಕಣಮ್ಮ," ಎಂದು ಓಬಳಪ್ಪ ಮಾತು ಮುಗಿಸಿ ಎದ್ದ. ತಂಗಿ ನಾಲ್ಕಕ್ಷರ ಕಲಿತವಳು, ನಿಜ. ಆದರೆ ತನ್ನ ಮನೆಯ ಹಾವಿನ ವಿಷಯ ಅವಳಿಂದ ಕಲಿಯಬೇಕೇ ಎಂದು ಒಳಗೊಳಗೇ ಮುನಿಸು.

ಮರುದಿನ ಬೆಳಗ್ಗೆ ಬಿಸಿಲೇರುವ ಹೊತ್ತು. ಅಂಗಳದಲ್ಲಿ ಹೆಂಗಸರು ಕಾಯಿ ಸುಲಿಯುತ್ತಿದ್ದರು. ಮೊರ ಬರಿದಾಯಿತು. ಶಿವಲಕ್ಷ್ಮಿ ಸೊಂಟ ಹಿಡಿದುಕೊಂಡು ಎದ್ದು ಕಾಯಿ ಕೋಣೆಯ ಕಡೆ ನಡೆದಳು.

"ನಿಂತ್ಕೊ ಶಿವಲಕ್ಷ್ಮಿ," ಎಂದಳು ಕೊಂಡಮ್ಮ. "ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬೇಡ. ಬೆಳಕು ಮಾಡ್ಕೊಂಡು ಹೋಗು."

ಜಗಲಿಯಲ್ಲಿದ್ದ ಓಬಳಪ್ಪ ಗುಡುಗಿದ. "ಕಾಯಿ ಕೋಣೆಗೆ ದೀಪ ಒಯ್ಯಂಗಿಲ್ಲ! ಒಂದು ಕಿಡಿ ಬಿದ್ರೆ ಮನೆಯೇ ಹೋಯ್ತದೆ."

ಅದೂ ಸರಿಯೇ. ಕೊಂಡಮ್ಮ ಒಂದು ಗಳಿಗೆ ಯೋಚಿಸಿದಳು. ಕಾಯಿ ಕೋಣೆಯ ಬಾಗಿಲು ಬೀದಿ ಬಾಗಿಲಿಗೆ ನೇರಕ್ಕಿತ್ತು. ಅಂಗಳದಲ್ಲಿ ಬೇಕಾದಷ್ಟು ಬಿಸಿಲಿತ್ತು. "ಶಿವಲಕ್ಷ್ಮಿ, ನೀನು ತವರಿಂದ ತಂದ ಕನ್ನಡಿ ಐತಲ್ಲ, ಅದು ಕೊಡು."

ಚೌಕಟ್ಟಿನ ಕನ್ನಡಿ ಬಂತು. ಕೊಂಡಮ್ಮ ಅಂಗಳದಲ್ಲಿ ನಿಂತು ಅದಕ್ಕೆ ಬಿಸಿಲು ಹಿಡಿದಳು. ಬೆಳಕಿನ ತುಂಡೊಂದು ಗೋಡೆಯ ಮೇಲೆ, ಹೊಸ್ತಿಲ ಮೇಲೆ ಕುಣಿಯತೊಡಗಿತು. ಅದನ್ನು ನೋಡಿ ಓಬಳಪ್ಪನಿಗೆ ನಗು, ಜೊತೆಗೆ ಹಟ. "ಇದೇನ್ ಆಟ ಕಣಮ್ಮ? ನಾನೇ ತತ್ತೀನಿ ನೋಡು," ಎಂದು ಸೊಸೆಯ ಕೈಯಿಂದ ಮೊರ ಕಿತ್ತುಕೊಂಡು ಒಳಗೆ ಹೋದ. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎಂದಿನಂತೆ ಬಲಗೈ ಚಾಚಿದ. "ಎಲ್ಲಿದೀಯಪ್ಪ ತಳಾರಿ..."

ಅಷ್ಟರಲ್ಲಿ ಕನ್ನಡಿಯ ಬೆಳಕು ಅವನ ಹೆಗಲ ಮೇಲಿಂದ ಹಾದು ರಾಶಿಯ ಮೇಲೆ ಬಿತ್ತು.

ಕೈಗೆ ಗೇಣು ದೂರದಲ್ಲಿ ಸುರುಳಿ ಸುತ್ತಿ ಕೂತಿತ್ತು. ದಪ್ಪ ಮೈ, ಕಂದು ಬಣ್ಣ. ಆದರೆ ಬೆನ್ನುದ್ದಕ್ಕೂ ಸರಪಳಿ ಇಟ್ಟಂತೆ ಅಂಡಾಕಾರದ ಮಚ್ಚೆಗಳ ಸಾಲು, ಮೂರು ಮೂಲೆಯ ಚಪ್ಪಟೆ ತಲೆ. ಕಮ್ಮಾರನ ತಿದಿ ಒತ್ತಿದ ಹಾಗೆ ಬುಸ್ ಎಂದು ಸದ್ದು ಬಂತು. ಅದೇ ಬೆಳಕಿನ ಅಂಚಿನಲ್ಲಿ, ಮೂಲೆಯಲ್ಲಿದ್ದ ಮಂಕರಿ ಬುಟ್ಟಿಯಲ್ಲಿ ಕಾಣಿಸಿದವನು ನಿಜವಾದ ತಳಾರಿ, ತಣ್ಣಗೆ ಮಲಗಿದ್ದ. ಓಬಳಪ್ಪನ ಕೈ ಗಾಳಿಯಲ್ಲೇ ಮರಗಟ್ಟಿತು.

"ಅಣ್ಣ, ಕೂಗ್ಬೇಡ, ತಟ್ಟನೆ ಕೈ ಎಳೀಬೇಡ," ಕೊಂಡಮ್ಮನ ದನಿ ಮೆತ್ತಗೆ ಬಂತು. ಕನ್ನಡಿ ಅಲುಗಲಿಲ್ಲ. "ಮೆಲ್ಲಗೆ ಕೈ ಹಿಂದಕ್ಕೆ ತಗೋ. ಹಂಗೇ ಹಿಂದಕ್ಕೆ ಬಾ."

ಬಂದ. ಹೊಸ್ತಿಲು ದಾಟಿ ಅಂಗಳದಲ್ಲೇ ಕೂತುಬಿಟ್ಟ. ಅವನ ಕಣ್ಣು ತನ್ನ ಕೈಯನ್ನು ನೋಡಲಿಲ್ಲ, ಸೊಸೆಯ ಕಡೆ ತಿರುಗಿತು. ನಿನ್ನೆ ಸಂಜೆ ಇದೇ ರಾಶಿಗೆ ಇವಳು ಕೈ ಹಾಕಿದ್ದಳು. ಒರಟಾಗಿ ಸಿಕ್ಕರೆ ಹೆದರಬೇಡ, ಎತ್ತಿ ಪಕ್ಕಕ್ಕಿಡು ಎಂದು ಹೇಳಿಕೊಟ್ಟವನು ತಾನೇ. ಇಂದು ತಂಗಿ ತಡೆಯದಿದ್ದರೆ ಇವಳು ತಾನು ಹೇಳಿದಂತೆಯೇ ಎತ್ತುತ್ತಿದ್ದಳು. ಓಬಳಪ್ಪನಿಗೆ ಅಳು ಒತ್ತರಿಸಿ ಬಂತು. ಟವಲು ಮುಖಕ್ಕೆ ಒತ್ತಿಕೊಂಡ.

ಹೆಂಗಸರ ಕೂಗಾಟ ಕೇಳಿ ಬೋರಪ್ಪ ಓಡಿಬಂದ. ಬಾಗಿಲಿಂದಲೇ ಇಣುಕಿ, "ಅಬ್ಬೋ, ರಕ್ತಪಿಂಜರಿ!" ಎಂದ. ಕೊಳಕುಮಂಡಲಕ್ಕೆ ತೆಲುಗಿನಲ್ಲಿ ಹಾಗೆನ್ನುತ್ತಾರೆ. ಯಾರೋ ದೊಣ್ಣೆ ತರಲು ಹೊರಟರು. ಬೋರಪ್ಪನೇ ತಡೆದ. "ವದ್ದಪ್ಪಾ, ಬ್ಯಾಡ. ಹೊಡೆಯಕ್ಕೆ ಹತ್ರ ಹೋದೋರ್ಗೇ ಅದು ಕಚ್ಚೋದು. ನಮ್ ಚಿಕ್ಕಪ್ಪನ್ನ ಹಂಗೇ ಕಳ್ಕೊಂಡ್ವಿ." ಕುರಿಗೆ ಸೊಪ್ಪು ಎಳೆಯುವ ಉದ್ದನೆ ದೋಟಿ ತಂದ. ಎಲ್ಲರನ್ನೂ ಬೀದಿಯಾಚೆ ಕಳಿಸಿ, ಬಾಗಿಲ ಪಕ್ಕದ ಗೋಡೆಯ ಮರೆಯಲ್ಲಿ ನಿಂತು, ದೂರದಿಂದಲೇ ದೋಟಿಯಲ್ಲಿ ರಾಶಿಯ ಅಂಚು ಕೆದಕಿದ. ಹಾವು ಬುಸುಗುಟ್ಟಿತು, ಸುಮ್ಮನಾಯಿತು, ಮತ್ತೆ ಬುಸುಗುಟ್ಟಿತು. ಕೊನೆಗೆ ಸುರುಳಿ ಬಿಚ್ಚಿ, ತೆರೆದ ಬಾಗಿಲಿನಿಂದ ಹೊರಬಿದ್ದು, ಅಂಗಳ ದಾಟಿ ಕತ್ತಾಳೆ ಬೇಲಿಯೊಳಗೆ ಹೋಯಿತು. ಯಾರೂ ಅದರ ಬೆನ್ನು ಹತ್ತಲಿಲ್ಲ.

ಗೌರಕ್ಕ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಎರಡು ಲೋಟ ಕುಡಿದ ಮೇಲೆ ಓಬಳಪ್ಪನಿಗೆ ಬಾಯಿ ಬಂತು. "ಕಚ್ಚಿದ್ದಿದ್ರೆ ಏನ್ ಮಾಡ್ತಿದ್ದೆ ನಾನು... ಕೈಗೆ ಹಗ್ಗ ಬಿಗಿದು, ಬ್ಲೇಡ್ನಾಗೆ ಕುಯ್ದು ರಕ್ತ ಹೀರಿ, ಮಂತ್ರಗಾರ ಮುನೆಪ್ಪನ ಕರ್ಸಿ ಮಂತ್ರ ಹಾಕಿಸ್ತಿದ್ದೆ."

"ಅದ್ಯಾವ್ದೂ ಮಾಡ್ಬಾರ್ದು ಅಣ್ಣ," ಎಂದು ಕೊಂಡಮ್ಮ ಅವನ ಪಕ್ಕ ಕೂತಳು. ಈಗ ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. "ಹಗ್ಗ ಬಿಗಿದು ತಂದೋರ ಕೈ ಕಪ್ಪಾಗಿದ್ದು ನಾನೇ ನೋಡಿದೀನಿ. ಕುಯ್ದರೆ ರಕ್ತ ನಿಲ್ಲಲ್ಲ, ಈ ಹಾವಿನ ವಿಷ ರಕ್ತ ಹೆಪ್ಪುಗಟ್ಟಕ್ಕೇ ಬಿಡಲ್ಲ. ಹೀರಿದ್ರೆ ವಿಷ ಬರಲ್ಲ. ಮಂತ್ರದ ಮುಂದೆ ಕೂತ್ರೆ ಹೊತ್ತು ಹೋಯ್ತದೆ, ಹೊತ್ತು ಹೋದ್ರೆ ಜೀವ ಹೋಯ್ತದೆ."

"ಮತ್ತೆ?" ಗೌರಕ್ಕ ಕೇಳಿದಳು.

"ಕಚ್ಚಿಸ್ಕೊಂಡೋರನ್ನ ಮೊದಲು ಸಮಾಧಾನ ಮಾಡಿ ಕೂರಿಸ್ಬೇಕು, ಓಡಾಡಕ್ಕೆ ಬಿಡಬಾರ್ದು. ಕೈ ಊದ್ತದಲ್ಲ, ಬಳೆ, ಉಂಗುರ ಬೇಗ ತೆಗೀಬೇಕು. ಕೈ ಮುರಿದಾಗ ದಬ್ಬೆ ಕಟ್ತೀವಲ್ಲ, ಹಂಗೆ ಒಂದು ಕೋಲು ಇಟ್ಟು ಅಲ್ಲಾಡದಂಗೆ, ಬಿಗಿ ಮಾಡ್ದೆ ಕಟ್ಬೇಕು. ಗಾಡಿ ಸಿಕ್ರೆ ಗಾಡಿ, ಬಸ್ ಸಿಕ್ರೆ ಬಸ್, ಇಲ್ದಿದ್ರೆ ಮಂಚದ ಮ್ಯಾಲೆ ಹೊತ್ಕೊಂಡಾದ್ರೂ ಸೀದಾ ಆಸ್ಪತ್ರೆಗೆ. ವಿಷಕ್ಕೆ ಸೂಜಿಮದ್ದು ಅಲ್ಲೈತೆ. ಯಾವ್ ಹಾವು ಅಂತ ನೋಡಕ್ಕೆ ಅದನ್ನ ಹುಡುಕ್ಕೊಂಡು ಹೋಗ್ಬೇಡಿ. ವಿಷದ್ದಲ್ಲ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಡಾಕ್ಟ್ರು ಹೇಳ್ಲಿ."

ಶಿವಲಕ್ಷ್ಮಿ ಕೈಲಿದ್ದ ಮಜ್ಜಿಗೆ ಲೋಟ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ಮಾವ, ನಾನಿನ್ನು ಆ ಕೋಣೆಗೆ ಹೋಗಲ್ಲ," ಎಂದಳು. ಮದುವೆಯಾಗಿ ಬಂದ ಮೇಲೆ ಮಾವನ ಮಾತಿಗೆ ಇಲ್ಲ ಎಂದದ್ದು ಅದೇ ಮೊದಲು.

"ಹೋಗ್ಬೇಡ ಕಣಮ್ಮ," ಎಂದ ಓಬಳಪ್ಪ. "ಕೋಣೆ ಸರಿ ಮಾಡೋವರ್ಗೂ ಯಾರೂ ಹೋಗೋದ್ ಬೇಡ."

ಅವತ್ತೇ ಮಧ್ಯಾಹ್ನ ಚಪ್ಪಡಿ ಸರಿಸಿ ಗವಾಕ್ಷಿ ತೆರೆದರು. ಎಷ್ಟೋ ವರ್ಷದ ಮೇಲೆ ಆ ಕೋಣೆ ಬೆಳಕು ಕಂಡಿತು. ಮಗ ಕದಿರಣ್ಣ ಹೊಲದಿಂದ ಬಂದವನು ಬಣವೆಯನ್ನು ಗೋಡೆಯಿಂದ ದೂರಕ್ಕೆ ಹಾಕಿದ, ಬಿಲಗಳಿಗೆ ಕಲ್ಲು ಜಡಿದು ಮೆತ್ತಿದ. ಕಾಯನ್ನು ಬಾಯಿ ಮುಚ್ಚುವ ದೊಡ್ಡ ಮಣ್ಣಿನ ವಾಡೆಗಳಿಗೆ ತುಂಬಿದರು. ವಾಡೆಯೊಳಗೆ ಕತ್ತಲೆ ಇರುವುದರಿಂದ ಓಬಳಪ್ಪನ ಅಪ್ಪನ ಮಾತೂ ಉಳಿಯಿತು, ಇಲಿಗೂ ದಾರಿ ಇಲ್ಲವಾಯಿತು.

ಉಳಿದವನು ತಳಾರಿ. ಓಬಳಪ್ಪ ಮಂಕರಿಯ ಮುಂದೆ ಬಹಳ ಹೊತ್ತು ಕೂತಿದ್ದ. "ಇವ್ನದೇನು ತಪ್ಪು ಕೊಂಡಮ್ಮ? ಇಟ್ಕೊಳ್ಳಾನ. ಮುಟ್ಟಲ್ಲ, ಆಯ್ತಾ?"

"ಮನೆಗೆ ಮಗು ಬತ್ತೈತೆ ಅಣ್ಣ. ಹಾವು ಅಂದ್ರೆ ಆಟದ ಸಾಮಾನು ಅಂತ ಅದು ಕಲಿಬಾರ್ದು. ಇವ್ನಿಗೂ ಈ ಮಂಕರಿಗಿಂತ ಹೊಲವೇ ಸುಖ."

ಓಬಳಪ್ಪನಿಗೆ ಸಂಕಟವಾಯಿತು, ಆದರೆ ವಾದಿಸಲಿಲ್ಲ. ಕೈಯಲ್ಲಿ ಎತ್ತಲೂ ಇಲ್ಲ. ಮಂಕರಿಗೆ ಇನ್ನೊಂದು ಮಂಕರಿ ಕವುಚಿ, ಹಗ್ಗ ಕಟ್ಟಿ, ಕೋಲಿಗೆ ತೂಗುಹಾಕಿ ಅವನೂ ಬೋರಪ್ಪನೂ ಆ ಕಡೆಯೊಬ್ಬ ಈ ಕಡೆಯೊಬ್ಬ ಹೊತ್ತು ನಡೆದರು. ಹೊಲದ ಬದುವಿನಲ್ಲಿ ಇಳಿಸಿ, ದೋಟಿಯಿಂದ ಮುಚ್ಚಳ ಸರಿಸಿದರು. ತಳಾರಿ ನಿಧಾನಕ್ಕೆ ಹೊರಬಂದು, ಸಡಿಲ ಮಣ್ಣಿಗೆ ಮೂತಿ ತೂರಿಸಿ ಮರೆಯಾದ. ಸಾಕಿದವನ ಕಡೆ ತಿರುಗಿಯೂ ನೋಡಲಿಲ್ಲ.

"ಜೀತಂ ಬಾಕಿ ಏಮನ್ನಾ ಉಂದಾ?" ಎಂದ ಬೋರಪ್ಪ. ಸಂಬಳ ಏನಾದರೂ ಬಾಕಿ ಇದೆಯಾ ಎಂದು ಕೇಳಿದ್ದಕ್ಕೆ ಓಬಳಪ್ಪನಿಗೆ ಕಣ್ಣಲ್ಲಿ ನೀರಿದ್ದರೂ ನಗು ಬಂತು.

ಶಿವಲಕ್ಷ್ಮಿಗೆ ಕಲ್ಯಾಣದುರ್ಗದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಓಬಳಪ್ಪನ ಬೆರಳೂ ವಾಸಿಯಾಯಿತು. ಸೊಸೆಯ ಕನ್ನಡಿ ಮಾತ್ರ ಮತ್ತೆ ಪೆಟ್ಟಿಗೆ ಸೇರಲಿಲ್ಲ. ಕಾಯಿ ಕೋಣೆಯ ಬಾಗಿಲ ಪಕ್ಕ ಮೊಳೆಗೆ ತೂಗಿತು. ಮೂಲೆಗೆ, ಅಟ್ಟದ ಅಡಿಗೆ, ಸೌದೆ ಸಂದಿಗೆ ಮೊದಲು ಅದರಿಂದ ಬೆಳಕು ಬಿಟ್ಟು, ಕೋಲಿನಿಂದ ತಟ್ಟಿ, ಆಮೇಲೆ ಕೈ. ಬಿಸಿಲಿಲ್ಲದ ಹೊತ್ತಿಗೆಂದು ಕದಿರಣ್ಣ ಒಂದು ಬ್ಯಾಟರಿ ಕೊಂಡು ತಂದ.

ಆ ವರ್ಷ ಬೆಳೆ ಚೆನ್ನಾಗಿಯೇ ಬಂತು. ಕಾಯಿ ಕೀಳುವ ದಿನ ಶಿವಲಕ್ಷ್ಮಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬುತ್ತಿ ತಂದಿದ್ದಳು. ಓಬಳಪ್ಪ ಬಗ್ಗಿ ಬಳ್ಳಿ ಕೀಳುತ್ತಿದ್ದವನು ತಟ್ಟನೆ ನಿಂತ. ಬುಡದಲ್ಲಿ ಏನೋ ಕಂದು ಬಣ್ಣದ್ದು ದಪ್ಪಗೆ ಮಿಸುಕಿತು. ಹಳೆಯ ಕೈ, ಹಳೆಯ ಪ್ರೀತಿ, ತಾನಾಗೇ ಮುಂದಕ್ಕೆ ಹೋಯಿತು.

ಅರ್ಧ ದಾರಿಯಲ್ಲಿ ನಿಂತಿತು.

ಓಬಳಪ್ಪ ಕೈ ಹಿಂದಕ್ಕೆಳೆದುಕೊಂಡ, ಸೊಸೆಯನ್ನು ದೂರ ನಿಲ್ಲಲು ಹೇಳಿದ, ಕೋಲು ತಗೊಂಡು ನೆಲ ಬಡಿದ. ಅದು ಬಳ್ಳಿಯ ನಡುವೆ ಸರಿದು ಹೋಯಿತು. ತಳಾರಿಯೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಲು ಕೈ ಹಾಕಲೂ ಇಲ್ಲ.

"ಯಾರಾದ್ರೂ ಆಗ್ಲಿ, ಕಾವಲು ಅಲ್ಲೇ ಮಾಡ್ಕೊಂಡಿರಪ್ಪ," ಎಂದು ಮೊಮ್ಮಗಳ ಕೆನ್ನೆ ಚಿವುಟಿ ಬುತ್ತಿಗೆ ಕೂತ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಕತ್ತಲೆಯ ಮೂಲೆ ಇದ್ದೀತು, ದಿನಾ ಕಣ್ಣಿಲ್ಲದೆ ಕೈ ಹಾಕುವ ಜಾಗ. ಅಲ್ಲಿ ಹಾವು ಸಾಕಿರಲಿ, ಸಾಕದೇ ಇರಲಿ, ಮೊದಲು ಬೆಳಕು, ಆಮೇಲೆ ಕೋಲು, ಕಡೆಗೆ ಕೈ. ಹಾವನ್ನು ಹಿಡಿಯಬೇಡಿ, ಹೊಡೆಯಲೂ ಹೋಗಬೇಡಿ, ಅದರ ದಾರಿ ಅದಕ್ಕೆ ಬಿಡಿ. ಯಾವ ಹಾವೇ ಕಚ್ಚಲಿ, ಹಗ್ಗ, ಬ್ಲೇಡು, ಮಂತ್ರ ಎಲ್ಲ ಪಕ್ಕಕ್ಕಿಟ್ಟು ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಆಸ್ಪತ್ರೆಗೆ ಹೊತ್ತೊಯ್ಯಿರಿ. ಇದನ್ನು ಓದಿ ಮುಗಿಸಿದವರು ಈಗಲೇ ಎದ್ದು ಹೋಗಿ ಆ ಮೂಲೆಗೊಂದು ಬೆಳಕು ಬಿಟ್ಟು ನೋಡಿ ಬನ್ನಿ. ನಿಮ್ಮ ಮನೆಯ ಶಿವಲಕ್ಷ್ಮಿ ಅಲ್ಲಿಗೆ ಮೊರ ಹಿಡಿದು ಹೋಗುವ ಮುಂಚೆ.